ಕೈ ಎತ್ತಿ ನೋಡದ ಭುಜಕವಚ

ಕಥೆ, ಸಿನಿಮಾ, ಆಟಗಳ ಪಾತ್ರಗಳಂತೆ ವೇಷ ಧರಿಸುವ ಕಾಸ್‌ಪ್ಲೇ ಹವ್ಯಾಸಿಗಳಿಗಾಗಿ ಏರ್ಪಡಿಸಿದ್ದ ಎರಡು ದಿನಗಳ ಕಾರ್ಯಾಗಾರಕ್ಕೆ ನಾನು ಸೇರಿದ್ದು ಮೊದಲ ದಿನದ ಕೈಕೆಲಸದ ಆಸೆಯಿಂದ ಮಾತ್ರ. ಎರಡನೆಯ ದಿನ ಚಲನೆಯ ಪಾಠವಿತ್ತು. ವೇದಿಕೆ ಹತ್ತುವ ಉಮೇದಿಲ್ಲದ ನನಗೆ ಅದರಿಂದೇನು ಪ್ರಯೋಜನವೆಂದು, ಯಾವುದಾದರೂ ನೆಪ ಹೇಳಿ ತಪ್ಪಿಸಿಕೊಳ್ಳುವ ಯೋಚನೆಯನ್ನೂ ಮಾಡಿದ್ದೆ.

ಮೊದಲ ದಿನ ಇವಿಎ ಎಂಬ ಹಗುರವಾದ ಪ್ಲಾಸ್ಟಿಕ್ ಫೋಮ್‌ನಲ್ಲಿ ಭುಜಕವಚ ಮಾಡಿದೆವು. ಭುಜಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕವಚದ ಗೆರೆಗಳನ್ನು ಟೇಪಿನ ಮೇಲೆಯೇ ಬರೆದು, ಆಮೇಲೆ ಮೆಲ್ಲನೆ ಕತ್ತರಿಸಿ ತೆಗೆದರೆ ಅವರವರ ಮೈಗೆ ಒಪ್ಪುವ ಮಾದರಿ ಸಿಗುತ್ತದೆ. ಅದನ್ನು 5 ಮಿಲಿಮೀಟರ್ ದಪ್ಪದ ಫೋಮ್ ಮೇಲಿಟ್ಟು ಕೊಯ್ಯಬೇಕು. ಬ್ಲೇಡು ಸ್ವಲ್ಪ ಮೊಂಡಾದರೂ ಫೋಮ್ ಕೊಯ್ಯದೆ ಹರಿಯುತ್ತದೆ, ಆ ತರಚಿದ ಅಂಚು ಬಣ್ಣ ಬಳಿದ ಮೇಲೂ ಎದ್ದು ಕಾಣುತ್ತದೆ. ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದಾಗ ಫೋಮ್‌ನ ಮೇಲ್ಮೈಗೆ ಸಣ್ಣ ಹೊಳಪು ಬರುತ್ತದೆ. ಆ ಕ್ಷಣದಲ್ಲಿ ಅದನ್ನು ಬೇಕಾದಂತೆ ಬಾಗಿಸಿ, ಆರುವವರೆಗೂ ಹಾಗೆಯೇ ಹಿಡಿದುಕೊಂಡಿರಬೇಕು.

ಅಂಟಿನ ಕೆಲಸ ಇನ್ನೂ ಸೂಕ್ಷ್ಮ. ಕಾಂಟ್ಯಾಕ್ಟ್ ಅಂಟನ್ನು ಎರಡೂ ಅಂಚುಗಳಿಗೆ ತೆಳ್ಳಗೆ ಸವರಿ, ಬೆರಳಿಗೆ ಮೆತ್ತಿಕೊಳ್ಳದಷ್ಟು ಒಣಗಲು ಬಿಟ್ಟು, ಅನಂತರ ಒತ್ತಬೇಕು. ಒಮ್ಮೆ ಕೂಡಿದ ಮೇಲೆ ಸರಿಸಿ ಸರಿಪಡಿಸಲು ಅವಕಾಶವಿಲ್ಲವಾದ್ದರಿಂದ, ಬಾಗಿದ ಅಂಚುಗಳಿದ್ದರೆ ಮೊದಲು ಎರಡು ತುದಿಗಳನ್ನು, ಆಮೇಲೆ ನಡುವನ್ನು, ಕೊನೆಗೆ ಉಳಿದುದನ್ನು ಕೂಡಿಸುವುದು ಕ್ಷೇಮ. ಇದರ ಆವಿ ತಲೆ ತಿರುಗಿಸುತ್ತದೆ. ಧೂಳಿಗೆಂದು ಕಟ್ಟಿಕೊಳ್ಳುವ ಸಾಧಾರಣ ಮುಖಗವಸು ಅದನ್ನು ತಡೆಯುವುದಿಲ್ಲ. ಕಿಟಕಿ ತೆರೆದಿರಬೇಕು, ಸಾವಯವ ರಾಸಾಯನಿಕಗಳ ಆವಿಯನ್ನು ಹೀರುವ ಫಿಲ್ಟರಿನ ಮಾಸ್ಕ್ ಇರಬೇಕು.

ಸಂಜೆಯ ಹೊತ್ತಿಗೆ ಕನ್ನಡಿಯ ಮುಂದೆ ನಿಂತಾಗ ನನ್ನ ಕವಚ ನನಗೇ ಮೆಚ್ಚುಗೆಯಾಗಿತ್ತು. ಮರುದಿನ ಚಲನೆಯ ಶಿಕ್ಷಕಿ ಹೇಳಿದ ಮೊದಲ ಮಾತು, ‘ಎಲ್ಲರೂ ಕೈ ಮೇಲೆತ್ತಿ.’ ಎತ್ತಿದೆ. ಕವಚದ ಮೇಲಂಚು ನೇರವಾಗಿ ದವಡೆಗೆ ಬಡಿಯಿತು, ಕೆಳಗಿನ ಅಂಚು ಕಂಕುಳಿಗೆ ಒತ್ತಿತು. ‘ಈಗ ಕುಳಿತುಕೊಳ್ಳಿ’ ಎಂದಾಗ ಕಾಲಿಗೆ ಕವಚ ಮಾಡಿಕೊಂಡಿದ್ದವರ ಅವಸ್ಥೆ ನನಗಿಂತ ಕೆಟ್ಟದಾಗಿತ್ತು ಎಂಬುದಷ್ಟೇ ನನಗಿದ್ದ ಸಮಾಧಾನ.

ತಪ್ಪು ಕೊಯ್ತದಲ್ಲಿರಲಿಲ್ಲ, ಅಳತೆಯಲ್ಲಿತ್ತು. ಟೇಪ್ ಸುತ್ತುವಾಗ ನಾನು ಕೈ ಇಳಿಬಿಟ್ಟು ಬೊಂಬೆಯಂತೆ ನಿಂತಿದ್ದೆ. ಕೈ ಎತ್ತಿದೊಡನೆ ಭುಜವೂ ಮೇಲೇರಿ, ಭುಜಕ್ಕೂ ಕಿವಿಗೂ ನಡುವಿನ ಜಾಗ ಕಿರಿದಾಗುತ್ತದೆ. ಒಂದೇ ಗಟ್ಟಿ ಚಿಪ್ಪಾಗಿರುವ ಕವಚಕ್ಕೆ ಹೋಗಲು ಬೇರೆ ದಾರಿಯಿಲ್ಲ. ಐರೋಪ್ಯ ಯೋಧರ ಉಕ್ಕಿನ ಕವಚಗಳಲ್ಲಿ ಭುಜದ ಭಾಗವನ್ನು ಒಂದರ ಮೇಲೊಂದು ಜಾರುವ ಪಟ್ಟಿಗಳಾಗಿ ಮಾಡಿ, ಒಳಗೆ ಚರ್ಮದ ಪಟ್ಟಿ ಮತ್ತು ರಿವೆಟ್‌ಗಳಿಂದ ಜೋಡಿಸುತ್ತಿದ್ದುದು ಇದೇ ಕಾರಣಕ್ಕೆ. ಹಿಂದಿನ ದಿನ ಅಷ್ಟು ಮುತುವರ್ಜಿಯಿಂದ ಅಂಟಿಸಿದ್ದನ್ನು ನಾನೂ ಮೂರು ತುಂಡು ಮಾಡಿ, ಒಳಬದಿಯಲ್ಲಿ ಎಲಾಸ್ಟಿಕ್ ಪಟ್ಟಿ ಕೂರಿಸಿದೆ.

ಉಳಿದ ಪಾಠವನ್ನು ಮನಸ್ಸಿಟ್ಟು ಕಲಿತೆ. ಫೋಮ್ ಖಡ್ಗಕ್ಕೆ ಭಾರವೇ ಇಲ್ಲದಿರುವುದರಿಂದ ಬರೀ ಮಣಿಕಟ್ಟಿನಿಂದ ಬೀಸಿದರೆ ಅದು ಬೀಸಣಿಗೆಯಂತೆ ಕಾಣುತ್ತದೆ. ಪಾದ ಊರಿ, ಸೊಂಟ ತಿರುಗಿಸಿ, ತೋಳು ಕೊನೆಗೆ ಬರುವಂತೆ ಬೀಸಿದರೆ ಇಲ್ಲದ ಭಾರ ಇದ್ದಂತೆ ತೋರುತ್ತದೆ. ಜಗಳದ ದೃಶ್ಯದಲ್ಲಿ ಕೂದಲು ಹಿಡಿದೆಳೆಯುವುದನ್ನು ಕಲಿಸಿದ ರೀತಿ ನನಗೆ ಬಹಳ ಹಿಡಿಸಿತು. ಎಳೆಯುವವರು ಮುಷ್ಟಿಯನ್ನು ತಲೆಯ ಮೇಲೆ ಸುಮ್ಮನೆ ಇಡುತ್ತಾರೆ, ಎಳೆಸಿಕೊಳ್ಳುವವರು ಆ ಮುಷ್ಟಿಯನ್ನು ಎರಡೂ ಕೈಗಳಿಂದ ತಲೆಗೆ ಒತ್ತಿ ಹಿಡಿದು, ಎತ್ತ ಸಾಗಬೇಕೆಂಬುದನ್ನು ತಾವೇ ನಿರ್ಧರಿಸುತ್ತಾರೆ. ನೋಡುವವರಿಗೆ ಮಾತ್ರ ಎಲ್ಲವೂ ತಿರುವುಮುರುವಾಗಿ ಕಾಣುತ್ತದೆ.

ಆಯೋಜಕರ ಮೇಲೆ ನನಗಿರುವ ತಕರಾರು ಒಂದೇ: ಚಲನೆಯ ಪಾಠ ಅಂಟಿನ ಡಬ್ಬಿ ತೆರೆಯುವ ಮುಂಚೆ ಆಗಬೇಕಿತ್ತು. ಈಗ ಮನೆಯಲ್ಲಿ ಹೊಸ ಕವಚಕ್ಕೆ ಟೇಪ್ ಸುತ್ತಿಸಿಕೊಳ್ಳುವಾಗ ಕೈ ಎತ್ತುತ್ತೇನೆ, ಬಗ್ಗುತ್ತೇನೆ, ಕುಳಿತೇಳುತ್ತೇನೆ; ಟೇಪ್ ಎಲ್ಲಿ ಸುಕ್ಕಾಗುತ್ತದೆಯೋ ಅಲ್ಲಿ ಕೆಂಪು ಮಾರ್ಕರ್‌ನಿಂದ ಗೆರೆ ಎಳೆಸಿ, ಆ ಗೆರೆಯಲ್ಲೇ ತುಂಡು ಮಾಡುತ್ತೇನೆ.