ಬೆಟಗೇರಿ ಆಚೆಯ ಚರ್ಚು, ಕಪ್ಪು-ಬಿಳುಪಿನಲ್ಲಿ

ಬೆಟಗೇರಿ ದಾಟಿ ಸ್ವಲ್ಪ ದೂರ ಹೋದರೆ ಎರೆ ಹೊಲಗಳ ನಡುವೆ ಒಂದು ಸಣ್ಣ ಊರು ಸಿಗುತ್ತದೆ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಅಲ್ಲಿಯವರು ಬೇಡ ಅಂದಿದ್ದಾರೆ. ಆ ಊರಿನ ಹಳೆಯ ಚರ್ಚಿನ ಚಾವಣಿಯನ್ನು ಯುಗಾದಿ ಆದಮೇಲೆ ಬಿಚ್ಚುತ್ತಾರಂತೆ ಅಂತ ಸುದ್ದಿ ಬಂತು. ಬಿಚ್ಚುವ ಮೊದಲೇ ಅದರ ಫೋಟೋ ತೆಗೆಯಬೇಕು ಅನಿಸಿತು. ಜನವರಿಯ ಒಂದು ಬೆಳಗ್ಗೆ ಹುಬ್ಬಳ್ಳಿಯಿಂದ ಕತ್ತಲಿರುವಾಗಲೇ ಹೊರಟೆ.

ಹೊರಗಿನಿಂದ ನೋಡಿದರೆ ಅದು ಚರ್ಚು ಅಂತ ಥಟ್ಟನೆ ಗೊತ್ತಾಗುವುದಿಲ್ಲ. ಗೋಪುರ ಇಲ್ಲ. ಮಣ್ಣಿನ ದಪ್ಪ ಗೋಡೆ, ಅದಕ್ಕೆ ಸುಣ್ಣ, ಮೇಲೆ ಮಂಗಳೂರು ಹಂಚು. ಬಾಗಿಲ ಮೇಲೊಂದು ಮರದ ಶಿಲುಬೆ. ಅಂಗಳದಲ್ಲಿ ಎರಡು ಕಂಬ ನೆಟ್ಟು ಗಂಟೆ ಕಟ್ಟಿದ್ದಾರೆ. ಒಳಗೆ ಮಾತ್ರ ಎಲ್ಲಿ ನೋಡಿದರೂ ಮರ. ಕಂಬ, ತೊಲೆ, ರೀಪು, ಕಿಟಕಿ, ಬೆಂಚು, ಪ್ರಸಂಗ ಪೀಠ, ಎಲ್ಲ ಸಾಗವಾನಿ. ಸಿಮೆಂಟು ಅಂತ ಇರುವುದು ನೆಲಕ್ಕೆ ಮಾತ್ರ.

ಈ ಭಾಗದ ಬಹಳಷ್ಟು ಹಳೆಯ ಚರ್ಚುಗಳ ಹಿಂದೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರಕರ ಸಂಸ್ಥೆಯಾದ ಬಾಸೆಲ್ ಮಿಶನ್ ಇದೆ. 1834ರಲ್ಲಿ ಮಂಗಳೂರಿಗೆ ಬಂದವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಧಾರವಾಡದ ಕಿಟೆಲ್ ಕಾಲೇಜಿನ ಹೆಸರು ಕೇಳಿದವರಿಗೆ ಇದೇ ಮಿಶನ್ನಿನ ಕಿಟೆಲ್ ಬರೆದ 1894ರ ಕನ್ನಡ-ಇಂಗ್ಲಿಷ್ ನಿಘಂಟೂ ಗೊತ್ತಿರುತ್ತದೆ. ಅದೇ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಈ ಚರ್ಚಿನ ಅಂಗಳದಲ್ಲಿ ಮಂಗಗಳು ಕೆಡವಿದ ಹಂಚು ಬಿದ್ದಿದ್ದವು. ಒಂದನ್ನು ತಿರುವಿ ಮಣ್ಣು ಒರೆಸಿದರೆ ಮಿಶನ್ನಿನ ಮುದ್ರೆ ಕಂಡಿತು. ಮೊದಲ ಮಹಾಯುದ್ಧದ ಕಾಲಕ್ಕೆ ಬ್ರಿಟಿಷ್ ಸರಕಾರ ಆ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು, ಮುಂದೆ ಅವು ಬೇರೆ ಟ್ರಸ್ಟಿನ ಕೈಗೆ ಹೋದವು. ಅಂದರೆ ನನ್ನ ಕೈಯಲ್ಲಿದ್ದ ಹಂಚು ಅದಕ್ಕಿಂತ ಹಿಂದಿನದೇ ಇರಬೇಕು. ನೂರು ವರ್ಷ ಮಳೆ ತಡೆದು, ಈಗ ಮಂಗನ ಕಾಲಿಗೆ ಸಿಕ್ಕಿ ಒಡೆದಿತ್ತು.

ಕೀಲಿ ಒಬ್ಬ ಅಜ್ಜಿಯ ಹತ್ತಿರ ಇರುತ್ತದೆ. ಕಸ ಗುಡಿಸುವುದು, ದೀಪ ಹಚ್ಚುವುದು, ಭಾನುವಾರ ಗಂಟೆ ಬಾರಿಸುವುದು ಎಲ್ಲ ಅವರದೇ. ನಾನು ಟ್ರೈಪಾಡ್ ಬಿಚ್ಚಿ ಕ್ಯಾಮೆರಾಕ್ಕೆ ರೀಲು ಹಾಕುವುದನ್ನು ಬೆಂಚಿನ ಮೇಲೆ ಕುಳಿತು ನೋಡಿದರು.

"ಕಲರ್ ಬರೂದಿಲ್ಲೇನ ತಮ್ಮಾ ಇದ್ರಾಗ?"

"ಇಲ್ಲಬೇ, ಬರೇ ಕಪ್ಪು-ಬಿಳುಪು."

"ಕ್ರಿಸ್ಮಸ್ಸಿಗೆ ಎಲ್ಲಾರೂ ರೊಕ್ಕಾ ಹಾಕಿ ಬಣ್ಣಾ ಹಚ್ಚೇವಿ. ನೀ ನೋಡಿದ್ರ ಕರೇ ಫೋಟೋ ತಗೀತಿ!"

ಅವರ ಮಾತಿನಲ್ಲಿ ನ್ಯಾಯ ಇತ್ತು. ಒಳಗಿನ ಗೋಡೆಗೆ ತಿಳಿ ನೀಲಿ, ಕಿಟಕಿಗೆ ಹಸಿರು ಆಯಿಲ್ ಪೇಂಟ್. ಕೂಲಿ ದುಡಿದು ಉಳಿಸಿದ ರೊಕ್ಕದ ಬಣ್ಣ ಅದು. ಕಪ್ಪು-ಬಿಳುಪು ಅಂದರೆ ಏನನ್ನಾದರೂ ಹಳೆಯದು ಅಂತ ಕಾಣಿಸುವ ಉಪಾಯ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ನಿನ್ನೆ ಕಟ್ಟಿದ ಮನೆಯೂ ಪಾಳು ವಾಡೆಯ ಹಾಗೆ ಕಾಣುತ್ತದೆ. ನನಗೆ ಅದು ಹಿಡಿಸುವುದಿಲ್ಲ. ಈ ಚರ್ಚು ಪಾಳು ಬಿದ್ದಿಲ್ಲ. ಪ್ರತಿ ಭಾನುವಾರ ಇಲ್ಲಿ ಆರಾಧನೆ ಇದೆ, ಮದುವೆ ಇದೆ, ಮಕ್ಕಳ ಹಾಡು ಇದೆ. ನಾನು ಹುಡುಕಿಕೊಂಡು ಬಂದಿದ್ದು ಮರದ ಮೇಲಿನ ಕೈಕೆಲಸ. ಅದು ಕಾಣುವುದು ಬೆಳಕು-ನೆರಳಿನಲ್ಲಿ. ಬಣ್ಣ ಇದ್ದರೆ ಕಣ್ಣು ಮೊದಲು ನೀಲಿ ಗೋಡೆಗೇ ಹೋಗುತ್ತದೆ. ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಮೊದಲು ಮೊಬೈಲಿನಲ್ಲಿ ಬಣ್ಣದ ಫೋಟೋಗಳನ್ನೂ ತೆಗೆದು ತೋರಿಸಿದೆ. "ಹಾಂ, ಇದು ಚಲೋ ಬಂದೈತಿ" ಅಂದರು. ಆಮೇಲೆ ನನ್ನ ಕೆಲಸಕ್ಕೆ ಬಿಟ್ಟರು.

ಹೊರಗಿನ ಫೋಟೋ ಬೇಗ ಮುಗಿಯಿತು. ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿದರೆ ನೀಲಿ ಆಕಾಶ ಕಪ್ಪಾಗಿ, ಕೆಂಪು ಹಂಚು ಬೆಳ್ಳಗಾಗುತ್ತದೆ. ನೋಡಲು ಜೋರಾಗಿರುತ್ತದೆ, ಆದರೆ ಗದಗಿನ ಆಕಾಶ ಹಾಗಿರುವುದಿಲ್ಲ ಅಲ್ವಾ? ಹಳದಿ ಫಿಲ್ಟರ್ ಹಾಕಿದೆ. ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು ತಿನ್ನುತ್ತದೆ, ಆಕಾಶಕ್ಕೆ ಹದವಾದ ಬೂದು ಬಣ್ಣ ಕೊಡುತ್ತದೆ. ಸುಣ್ಣದ ಗೋಡೆ ಅದರ ಮುಂದೆ ಬಿಡಿಸಿ ನಿಲ್ಲುತ್ತದೆ.

ಒಳಗೆ ಕೆಲಸ ನಿಧಾನ. ಆ ಚಾವಣಿಯನ್ನು ಹೊತ್ತಿರುವುದು ಬಡಿಗೇರರು ಕೈಂಚಿ ಅನ್ನುವ ಮರದ ತ್ರಿಕೋನಗಳು. ಗೋಡೆಯಿಂದ ಗೋಡೆಗೆ ಒಂದು ಅಡ್ಡ ತೊಲೆ, ಅದರ ಎರಡು ತುದಿಯಿಂದ ಮೇಲಕ್ಕೆ ಹೋಗಿ ಕೂಡುವ ಎರಡು ಇಳಿಜಾರು ತೊಲೆ, ನಡುವೆ ಒಂದು ನೆಟ್ಟಗಿನ ಕಂಬ. ಇವಕ್ಕೆ ಯಾರೂ ಬಣ್ಣ ಹಚ್ಚಿಲ್ಲ, ಅಷ್ಟು ಎತ್ತರಕ್ಕೆ ಕೈ ಹೋಗಿಲ್ಲ. ವರ್ಷಗಟ್ಟಲೆ ದೀಪದ ಹೊಗೆ ಕುಡಿದು ಕರ್ರಗಾಗಿವೆ. ಮೊದಲು ನೋಡಿದಾಗ ಬರೀ ಕಪ್ಪು ಪಟ್ಟಿಗಳು, ಬೇರೇನೂ ಕಾಣಲಿಲ್ಲ.

ಸುಮ್ನೆ ಕಾದೆ. ಚರ್ಚಿನ ಬಾಗಿಲು ದಕ್ಷಿಣಕ್ಕಿದೆ, ಹಾಗಾಗಿ ಅಡ್ಡ ತೊಲೆಗಳು ಪೂರ್ವದಿಂದ ಪಶ್ಚಿಮಕ್ಕೆ ಮಲಗಿವೆ. ಪೂರ್ವದ ಇಳಿಜಾರಿನಲ್ಲಿ ಅಲ್ಲಲ್ಲಿ ಗಾಜಿನ ಹಂಚು ಇವೆ. ಬಿಸಿಲು ಏರುತ್ತಾ ಬಂದು, ಒಂಬತ್ತರ ಸುಮಾರಿಗೆ ಒಂದು ಗಾಜಿನ ಹಂಚಿನೊಳಗಿಂದ ಇಳಿದು ತೊಲೆಯ ಮೈಯನ್ನು ಸವರಿಕೊಂಡು ಹೋಯಿತು. ಎದುರಿನಿಂದ ಬಿದ್ದ ಬೆಳಕು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಹೀಗೆ ಮಗ್ಗುಲಿನಿಂದ ಬಂದರೆ ಕೂದಲೆಳೆಯಷ್ಟು ತಗ್ಗಿಗೂ ನೆರಳು ಹುಟ್ಟುತ್ತದೆ. ಕರಿ ತೊಲೆಯ ತುಂಬ ಬಾಚಿಯ ಏಟುಗಳು ಎದ್ದು ಬಂದವು. ಒಂದರ ಪಕ್ಕ ಒಂದು, ಮೀನಿನ ಹುರುಪೆಯ ಹಾಗೆ. ಗಂಟು ಬಂದ ಕಡೆ ಬಡಿಗ ಏಟು ಸಣ್ಣದು ಮಾಡಿಕೊಂಡಿದ್ದಾನೆ. ಗಂಟು ದಾಟಿದ ಮೇಲೆ ಮತ್ತೆ ಉದ್ದ ಏಟು.

ಆಮೇಲೆ ತೊಲೆ ಕೂಡುವ ಜಾಗದಲ್ಲಿ ಏನೋ ಗೀರು ಕಂಡಿತು. ಜೂಮ್ ಲೆನ್ಸಿನಲ್ಲಿ ನೋಡಿದೆ. ಉಳಿಯಿಂದ ಕೊರೆದ ೩. ಅದಕ್ಕೆ ಬಂದು ಕೂಡಿದ ಇಳಿಜಾರು ತೊಲೆಯ ಬುಡದಲ್ಲೂ ೩. ಮುಂದಿನ ಕೈಂಚಿಯಲ್ಲಿ ಎರಡೂ ಕಡೆ ೪. ಅಚ್ಚ ಕನ್ನಡ ಅಂಕಿಗಳು. ಮೈ ಜುಮ್ಮೆಂದಿತು. ಇಂಥ ಚಾವಣಿಯನ್ನು ಮೊದಲು ನೆಲದ ಮೇಲೆ ಕೂಡಿಸಿ ಸರಿ ನೋಡುತ್ತಾರೆ. ಆಮೇಲೆ ಬಿಚ್ಚಿ, ಒಂದೊಂದೇ ತೊಲೆ ಮೇಲೆತ್ತಿ ಮತ್ತೆ ಕೂಡಿಸುತ್ತಾರೆ. ಯಾವುದರ ಜೊತೆ ಯಾವುದು ಅನ್ನುವ ಗುರುತಿಗೆ ಈ ಅಂಕಿ. ಮಿಶನ್ನಿನ ಕಟ್ಟಡ ಅಂದರೆ ನಕ್ಷೆ ಹಾಕಿದ ಸಾಹೇಬನ ಹೆಸರೇ ಎಲ್ಲ ಕಡೆ ಬರುತ್ತದೆ. ಇಲ್ಲಿಯ ಬಡಿಗನ ಗುರುತು ಇಲ್ಲಿ, ಹೊಗೆಯ ಕೆಳಗೆ, ಈ ಅಂಕಿಯಲ್ಲಿದೆ. ಆ ಬೆಳಗ್ಗೆ ನನಗೆ ಚರ್ಚು ಅವನದು ಅನಿಸಿತು.

ಬಿಸಿಲು ಸರಿಯುವ ಮೊದಲು ಫೋಟೋ ಆಗಬೇಕಿತ್ತು. ಕ್ಯಾಮೆರಾದಲ್ಲಿ ಇಲ್‌ಫೋರ್ಡ್ ಎಫ್‌ಪಿ4 ಫಿಲ್ಮ್ ಇತ್ತು, ಬೆಳಕು ಹಿಡಿಯುವ ವೇಗ 125 ಐಎಸ್‌ಒ. ಲೈಟ್ ಮೀಟರಿಗೆ ಲೋಕವೆಲ್ಲ ನಡು ಬೂದು. ಕರಿ ಮರಕ್ಕೆ ಹಿಡಿದರೆ ಅದನ್ನೂ ಬೂದು ಮಾಡುವಷ್ಟು ಬೆಳಕು ಕೇಳುತ್ತದೆ. ಅದಕ್ಕೆ ತೊಲೆಯ ನೆರಳಿನ ಭಾಗಕ್ಕೆ ಮೀಟರ್ ಹಿಡಿದು ಎರಡು ಸ್ಟಾಪ್ ಕಡಿಮೆ ಮಾಡಿದೆ. ಕಪ್ಪು ಕಪ್ಪಾಗಿಯೇ ಉಳಿಯಬೇಕು, ಒಳಗಿನ ಏಟುಗಳೂ ಕಾಣಬೇಕು. ಲೆನ್ಸಿನ ಕಿಂಡಿ ಎಫ್ 16ಕ್ಕೆ ಇಟ್ಟರೆ 10 ಸೆಕೆಂಡ್ ಬಂತು. ಆದರೆ ಇಷ್ಟು ಹೊತ್ತು ತೆರೆದಿಟ್ಟರೆ ಫಿಲ್ಮ್ ದಣಿಯುತ್ತದೆ, ಬೆಳಕನ್ನು ಮೊದಲಿನಷ್ಟು ಹಿಡಿಯುವುದಿಲ್ಲ. ಈ ಫಿಲ್ಮಿಗೆ 10ರ ಜಾಗದಲ್ಲಿ ಸುಮಾರು 18 ಸೆಕೆಂಡ್ ಕೊಡಬೇಕು. ಅಲುಗಾಡಬೇಡ್ರಿ ಅಂತ ಅಜ್ಜಿಗೆ ಹೇಳಿದೆ. ಅವರು ಪ್ರಾರ್ಥನೆಗೆ ಕೂತ ಹಾಗೆ ಕಣ್ಣು ಮುಚ್ಚಿ ಕೂತರು.

ಫಿಲ್ಮ್ ತೊಳೆದಿದ್ದು ಮನೆಯಲ್ಲೇ, ಡಿ-76 ಅನ್ನುವ ಡೆವಲಪರ್ ದ್ರಾವಣದಲ್ಲಿ. ಡೆವಲಪರ್ 20 ಡಿಗ್ರಿ ಇರಬೇಕು. ಹುಬ್ಬಳ್ಳಿಯ ಏಪ್ರಿಲಿನಲ್ಲಾದರೆ ಬಕೆಟಿಗೆ ಐಸ್ ಹಾಕಬೇಕು, ಜನವರಿಯಲ್ಲಿ ಆ ತ್ರಾಸು ಇಲ್ಲ. ನಾನು ಕೆಲಸ ಕಲಿತ ಸ್ಟುಡಿಯೋದಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ಹೆಸರಿನ ಫೋಟೋ ಪೇಪರ್ ಬಳಸುತ್ತಿದ್ದರು. ಆ ಕಾರ್ಖಾನೆ ಮುಚ್ಚಿದೆ, ಈಗ ಪೇಪರ್ ಹೊರದೇಶದ್ದೇ ಗತಿ. ಜಾಸ್ತಿ ಖರ್ಚು, ಆದರೂ ಈ ಚರ್ಚಿಗೆ ಮಾಡದೆ ಮತ್ಯಾವುದಕ್ಕೆ ಮಾಡಲಿ?

ಪ್ರಿಂಟು ಒಯ್ದು ಕೊಟ್ಟ ದಿನ ಆರಾಧನೆ ಮುಗಿದು ಎಲ್ಲ ಅಂಗಳದಲ್ಲಿದ್ದರು. ಅಂಕಿಯ ಫೋಟೋ ಕೈಯಿಂದ ಕೈಗೆ ಹೋಯಿತು. ಹುಟ್ಟಿದಾಗಿನಿಂದ ಆ ತೊಲೆಯ ಕೆಳಗೇ ಕೂತವರಿಗೂ ಅಂಕಿ ಇದ್ದದ್ದು ಗೊತ್ತಿರಲಿಲ್ಲ. ಚಾವಣಿ ಬಿಚ್ಚಿ ಕಬ್ಬಿಣದ ಪೈಪು, ತಗಡು ಹಾಕುವುದು ಅಂತ ಮಾತಾಗಿತ್ತು. ಅಲ್ಲಿದ್ದ ಬಡಿಗೇರರು ಫೋಟೋವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮರಾ ಗಟ್ಟಿ ಐತ್ರೀ. ತುದಿಗೆ ಅಷ್ಟ ಗೆದ್ದಲ ಹತ್ತೈತಿ. ನಂಬರ್ ಇದ್ರ ಬಿಚ್ಚಿ ತಿರುಗಿ ಕೂಡಿಸಬಹುದು."

ಸಭೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ತಗಡಿಗೆಷ್ಟು, ಮರದ ತುದಿ ಬದಲಿಸಲು ಎಷ್ಟು ಅಂತ ಅಲ್ಲೇ ಲೆಕ್ಕ ಶುರುವಾಯಿತು. ಇನ್ನೂ ತೀರ್ಮಾನ ಆಗಿಲ್ಲ. ಬಡಿಗೇರರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ಒಂದೊಂದು ಕೈಂಚಿಯ ಎರಡೂ ತುದಿಯ ಫೋಟೋ ಬೇಕು, ಅಂಕಿ ಸ್ವಚ್ಛ ಕಾಣಬೇಕು, ಜೊತೆಗೆ ಅಳತೆ ಟೇಪು ಹಿಡಿದು ತೆಗೆಯಿರಿ ಅಂದರು. ಯುಗಾದಿಯೊಳಗೆ ಅಷ್ಟೂ ತೆಗೆದು ಕೊಡುತ್ತೇನೆ ಅಂತ ಒಪ್ಪಿಕೊಂಡು ಬಂದಿದ್ದೇನೆ.