ಟಿಕೆಟ್ ಇಲ್ಲದ ಬಸ್ಸಿನ ಲೆಕ್ಕ

ಬಸ್ ನಿಲ್ಲಿಸುವ ತೀರ್ಮಾನವಾದ ಸಭೆಗೆ ಆ ಬಸ್ಸಿನಲ್ಲಿ ಬಂದವರು ಒಬ್ಬರೂ ಇರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ ಅನ್ನಿ. ಸಭೆ ಇಟ್ಟುಕೊಂಡಿದ್ದು ಅಂಗಡಿಗಳ ಬಾಗಿಲು ಹಾಕಿದ ಮೇಲೆ, ರಾತ್ರಿ. ಬಸ್ಸಿನ ಕೊನೆಯ ಸುತ್ತು ಸಂಜೆಗೇ ಮುಗಿದುಹೋಗುತ್ತಿತ್ತು.

ನನ್ನದು ಕನ್ನಡಕದ ಅಂಗಡಿ. ಬಡಾವಣೆಯ ಒಳರಸ್ತೆಗಳಿಂದ ಹೊರಟು ಕ್ಲಿನಿಕ್ಕು, ಬ್ಯಾಂಕು, ಔಷಧಿ ಅಂಗಡಿ, ಗ್ರಂಥಾಲಯ, ಮಾರುಕಟ್ಟೆ ಬೀದಿ ಎಲ್ಲ ಮುಟ್ಟಿ ಹೊರಟಲ್ಲಿಗೇ ಮರಳುತ್ತಿದ್ದ ಆ ಪುಟ್ಟ ಬಸ್ಸು ನನ್ನ ಅಂಗಡಿಯ ಮುಂದೆಯೂ ನಿಲ್ಲುತ್ತಿತ್ತು. ಹತ್ತುವವರು ಏನೂ ಕೊಡಬೇಕಿರಲಿಲ್ಲ. ಖರ್ಚಿನಲ್ಲಿ ಒಂದು ಪಾಲು ನಗರಾಡಳಿತದ್ದು, ಇನ್ನೊಂದು ಪಾಲು ವರ್ತಕರ ಸಂಘದ ವಂತಿಗೆ, ಮಿಕ್ಕಿದ್ದು ಬಸ್ಸಿನ ಮೈಮೇಲಿನ ಜಾಹೀರಾತಿನಿಂದ. ಕಂಡಕ್ಟರ್ ಇಲ್ಲ, ಟಿಕೆಟ್ ಇಲ್ಲ, ಚಿಲ್ಲರೆಗೆ ಜಗಳವಿಲ್ಲ. ಡ್ರೈವರ್ ಒಬ್ಬರೇ. ಯಾರಿಗೆ ಮಂಡಿನೋವು, ಯಾರ ಎದುರು ಬಸ್ಸನ್ನು ಕಟ್ಟೆಗೆ ಇನ್ನಷ್ಟು ಹತ್ತಿರ ತರಬೇಕು ಎಂಬುದು ಅವರಿಗೆ ಬಾಯಿಪಾಠವಾಗಿತ್ತು.

ಕನ್ನಡಕದ ವ್ಯಾಪಾರದಲ್ಲಿ ದುಡ್ಡು ಹುಟ್ಟುವ ಭೇಟಿಗಳಿಗಿಂತ ಹುಟ್ಟದ ಭೇಟಿಗಳೇ ಹೆಚ್ಚು. ಕಣ್ಣು ಪರೀಕ್ಷೆಗೆ ಒಮ್ಮೆ ಬರುತ್ತಾರೆ, ತಯಾರಾದ ಕನ್ನಡಕ ಒಯ್ಯಲು ಇನ್ನೊಮ್ಮೆ. ಆಮೇಲೆ ಕಿವಿಯ ಹಿಂದೆ ಒತ್ತುತ್ತದೆ ಎಂದು, ಮೂಗಿನ ಪ್ಯಾಡ್ ಸವೆಯಿತೆಂದು, ಸ್ಕ್ರೂ ಸಡಿಲವಾಯಿತೆಂದು ಬರುತ್ತಲೇ ಇರುತ್ತಾರೆ. ಅದಕ್ಕೆಲ್ಲ ನಾನು ಕಾಸು ಕೇಳುವುದಿಲ್ಲ. ಹಾಗೆ ಬರುತ್ತಿದ್ದವರಲ್ಲಿ ಬಹಳಷ್ಟು ಜನ ಬಸ್ಸಿನವರು. ಸುಮ್ಮನೆ ಬರುವುದು ಅವರಿಗೆ ಸುಲಭವಿತ್ತು, ಸುಮ್ಮನೆ ಮಾಡಿಕೊಡುವುದು ನನಗೆ ಸುಲಭವಿತ್ತು. ಹೊಸ ಕನ್ನಡಕ ಬೇಕಾದಾಗ ಅವರಿಗೆ ಬೇರೆ ಅಂಗಡಿ ನೆನಪಾಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಬಸ್ಸು ಸತ್ತದ್ದು ಸಭೆಯ ದಿನವಲ್ಲ. ಮೊದಲು ಎರಡು ಬಸ್ಸು ಇದ್ದವು. ಒಂದು ಸುತ್ತಿಗೆ ಅರ್ಧ ಗಂಟೆ ಹಿಡಿಯುತ್ತಿದ್ದರಿಂದ ಕಾಲು ಗಂಟೆಗೊಂದು ಬಸ್ಸು ಸಿಗುತ್ತಿತ್ತು. ಆಗ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಒಂದು ತಪ್ಪಿದರೆ ಇನ್ನೊಂದು ಎಂದು ನಿಂತಿರುತ್ತಿದ್ದರು. ಖರ್ಚು ಉಳಿಸಲು ಒಂದನ್ನು ತೆಗೆದರು. ಕಾಯುವ ಹೊತ್ತು ಒಂದೇ ಏಟಿಗೆ ಎರಡು ಪಟ್ಟಾಯಿತು. ಸಾಲದ್ದಕ್ಕೆ ಬಸ್ಸು ಸುತ್ತುತ್ತಿದ್ದದ್ದು ಒಂದೇ ದಿಕ್ಕಿನಲ್ಲಿ. ಐದು ನಿಮಿಷದಲ್ಲಿ ಅಂಗಡಿಗೆ ಬಂದಿಳಿದವರು ಮನೆ ಸೇರಲು ಉಳಿದ ಇಪ್ಪತ್ತೈದು ನಿಮಿಷದ ಸುತ್ತನ್ನು ಪೂರ್ತಿ ಹೊಡೆಯಬೇಕು. ಇದು ಹಾದಿ ಹಾಕಿದವರ ತಪ್ಪು, ಮೊದಲಿನಿಂದಲೂ ಇದ್ದದ್ದು. ಎರಡು ಬಸ್ಸಿದ್ದಾಗ ಸಹಿಸಬಹುದಿತ್ತು. ಒಂದೇ ಆದಾಗ, ನಡೆಯಬಲ್ಲವರು ನಡೆದೇ ಹೋಗತೊಡಗಿದರು, ಗಾಡಿ ಇದ್ದವರು ಗಾಡಿ ತಂದರು. ಆಮೇಲೆ ಸಂಘದವರು ಬಂದು ನೋಡಿದರೆ ಬಸ್ಸು ಅರ್ಧ ಖಾಲಿ. "ನೋಡಿ, ಜನಾನೇ ಇಲ್ಲ!" ಜನರನ್ನು ಕಳಿಸಿದ್ದು ಯಾರು ಎಂದು ಯಾರೂ ಕೇಳಲಿಲ್ಲ.

ಸಭೆಯಲ್ಲಿ ಖಜಾಂಚಿ ಖರ್ಚಿನ ಹಾಳೆ ಓದಿದರು. ಡೀಸೆಲ್, ವಿಮೆ, ಡ್ರೈವರ್ ಸಂಬಳ, ಟೈರು, ಗೇರ್‌ಬಾಕ್ಸ್ ರಿಪೇರಿ, ಎಲ್ಲ ಚಿಲ್ಲರೆ ಸಮೇತ. ಅವರ ಮೇಲೆ ನನಗೆ ಸಿಟ್ಟಿಲ್ಲ, ಲೆಕ್ಕ ಅಷ್ಟು ಚೊಕ್ಕವಾಗಿ ಇಡುವವರು ಸಿಗುವುದು ಕಷ್ಟ. ಓದು ಮುಗಿದ ಮೇಲೆ ಯಾರೋ ಕೇಳಿದರು, "ದಿನಕ್ಕೆ ಎಷ್ಟು ಜನ ಹತ್ತುತ್ತಾರೆ?" ಉತ್ತರವಿಲ್ಲ. ಡ್ರೈವರನ್ನು ಕರೆಸಿ ಕೇಳಿದ್ದಕ್ಕೆ "ಬೇಕಾದಷ್ಟು ಜನ ಇರ್ತಾರೆ ಸಾರ್" ಎಂದರು. ಸಭೆಯಲ್ಲಿ ಸಣ್ಣ ನಗು ಎದ್ದಿತು. ಬಸ್ಸಿನ ಗತಿ ಮುಗಿಯಿತೆಂದು ಆ ನಗು ಕೇಳಿದಾಗಲೇ ನನಗೆ ಗೊತ್ತಾಯಿತು.

ಪೀಠೋಪಕರಣದ ದೊಡ್ಡ ಅಂಗಡಿಯವರು ಎದ್ದು ನಿಂತರು. "ನನ್ನ ಗಿರಾಕಿ ಸೋಫಾ ಹೊತ್ಕೊಂಡು ಬಸ್ ಹತ್ತುತ್ತಾನೇನ್ರೀ? ಎಲ್ಲರಿಗಿಂತ ಹೆಚ್ಚು ವಂತಿಗೆ ಕೊಡೋನು ನಾನು." ಅವರ ಮಟ್ಟಿಗೆ ಅದು ಸರಿಯಾದ ಮಾತೇ. ಅಂಗಡಿಯ ಅಗಲ ನೋಡಿ ವಂತಿಗೆ ಹಾಕುವ ಪದ್ಧತಿ ನಮ್ಮದು. ಬಸ್ಸಿನ ಲಾಭ ಮಾತ್ರ ಅಗಲ ನೋಡಿ ಬರುತ್ತಿರಲಿಲ್ಲ. ಔಷಧಿ ಅಂಗಡಿಯವರಿಗೆ, ಕ್ಷೌರದವನಿಗೆ, ನನಗೆ ಬರುತ್ತಿತ್ತು. ನಮ್ಮ ಅಂಗಡಿಗಳೆಲ್ಲ ಕಿರಿದು. ಹೆಚ್ಚು ಕೊಟ್ಟವರಿಗೆ ಕಾಣದ, ಕಂಡವರು ಕಡಿಮೆ ಕೊಟ್ಟಿರುವ ವ್ಯವಸ್ಥೆ ಎಷ್ಟು ದಿನ ನಿಂತೀತು?

ನನ್ನ ಸರದಿ ಬಂದಾಗ ಓದಿಕೊಂಡು ಹೋಗಿದ್ದನ್ನು ಹೇಳಿದೆ. ಎಸ್ಟೋನಿಯಾದ ರಾಜಧಾನಿ ತಾಲಿನ್‌ನಲ್ಲಿ 2013ರಿಂದ ಅಲ್ಲಿನ ನಿವಾಸಿಗಳಿಗೆ ಬಸ್ಸು, ಟ್ರಾಮ್ ಉಚಿತ. ಆದರೂ ಹತ್ತಿದವರು ಕಾರ್ಡು ಮುಟ್ಟಿಸಬೇಕು. ಉಚಿತ ಪ್ರಯಾಣ ಬೇಕೆಂದರೆ ಆ ನಗರದ ನಿವಾಸಿ ಎಂದು ನೋಂದಣಿಯಾಗಬೇಕು, ನೋಂದಣಿಯಾದವರ ತೆರಿಗೆಯ ಪಾಲು ನಗರಕ್ಕೆ ಸೇರುತ್ತದೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲೂ ಹೆಂಗಸರು ದುಡ್ಡು ಕೊಡುವುದಿಲ್ಲ, ಕಂಡಕ್ಟರ್ ಶೂನ್ಯ ದರದ ಟಿಕೆಟ್ ಮಾತ್ರ ಕೊಟ್ಟೇ ಕೊಡುತ್ತಾರೆ; ಆ ಟಿಕೆಟ್ಟುಗಳ ಲೆಕ್ಕದ ಮೇಲೆಯೇ ಸಾರಿಗೆ ನಿಗಮಗಳು ಸರ್ಕಾರದಿಂದ ಹಣ ಕೇಳುವುದು. ದುಡ್ಡು ಬೇಡವೆಂದವರೂ ಎಣಿಕೆ ಬಿಟ್ಟಿಲ್ಲ. ನಾವು ಎರಡನ್ನೂ ಒಟ್ಟಿಗೆ ಬಿಟ್ಟಿದ್ದೇವೆ, ಮೂರು ತಿಂಗಳು ಎಣಿಸಿ ನೋಡೋಣ, ಆಮೇಲೆ ತೀರ್ಮಾನ ಮಾಡೋಣ ಎಂದೆ.

ಸಂಘದ ಹಿರಿಯರೊಬ್ಬರೂ ಓದಿಕೊಂಡು ಬಂದಿದ್ದರು. ಬೆಲ್ಜಿಯಂನ ಹಾಸೆಲ್ಟ್ ಊರಿನ ಕತೆ ಎತ್ತಿದರು. ಅಲ್ಲಿ 1997ರಲ್ಲಿ ಬಸ್ಸು ಉಚಿತವಾಯಿತು, ಜನ ಹತ್ತು ಪಟ್ಟಿಗೂ ಮೀರಿ ಹೆಚ್ಚಿದರು, ಖರ್ಚು ಏರುತ್ತಾ ಹೋಗಿ 2013ರಲ್ಲಿ ಮತ್ತೆ ಟಿಕೆಟ್ ಬಂತು. "ಜನ ಹತ್ತದಿದ್ರೆ ದಂಡ, ಹತ್ತಿದ್ರೆ ಇನ್ನೂ ದಂಡ. ಎಣಿಸಿ ಏನ್ ಮಾಡ್ತೀಯಪ್ಪಾ?" ಎಂದರು. ಈ ಮಾತಿಗೆ ಪೂರ್ತಿ ಉತ್ತರ ನನ್ನಲ್ಲಿ ಈಗಲೂ ಇಲ್ಲ. ಆದರೆ ಹದಿನಾರು ವರ್ಷ ಓಡಿ ನಿಂತದ್ದಕ್ಕೂ, ಯಾರು ಕೂತಿದ್ದರೆಂದು ಗೊತ್ತಿಲ್ಲದೆ ನಿಂತದ್ದಕ್ಕೂ ಒಂದೇ ಹೆಸರು ಇಡಲು ನಾನು ಒಪ್ಪಲಾರೆ.

ಕೈ ಎತ್ತಿಸಿದರು. ತೀರ್ಮಾನವಾಯಿತು. ಬಸ್ಸಿಗೆ ಅಂಟಿಸಿದ ನೋಟಿಸಿನ ಅಕ್ಷರ ಎಷ್ಟು ಚಿಕ್ಕದಿತ್ತೆಂದರೆ, ನನ್ನ ಗಿರಾಕಿಗಳಲ್ಲಿ ಅದನ್ನು ಓದಬಲ್ಲವರು ಬಸ್ ಹತ್ತುವ ವಯಸ್ಸಿನವರಲ್ಲ. ಕೊನೆಯ ದಿನ ವಿಶೇಷವೇನೂ ನಡೆಯಲಿಲ್ಲ. ಮರುದಿನ ಸ್ಟಾಪಿನಲ್ಲಿ ಜನ ಎಂದಿನಂತೆ ನಿಂತಿದ್ದರು; ಹೊರಗೆ ಹೋಗಿ ಒಬ್ಬೊಬ್ಬರಿಗೂ ಹೇಳಿ ಕಳಿಸುವ ಕೆಲಸ ನನಗೂ ಔಷಧಿ ಅಂಗಡಿಯ ಹುಡುಗನಿಗೂ ಬಿತ್ತು.

ಬಸ್ಸು ನಿಂತರೆ ವ್ಯಾಪಾರ ದಿಢೀರನೆ ಬೀಳುತ್ತದೆ ಎಂದುಕೊಂಡಿದ್ದೆ. ಬೀಳಲಿಲ್ಲ. ಕನ್ನಡಕ ಬೇಕೇ ಬೇಕಾದವರು ಹೇಗೋ ಬರುತ್ತಾರೆ, ಮಕ್ಕಳ ಬಿಡುವು ನೋಡಿಕೊಂಡು, ಆಟೋ ಹಿಡಿದು. ನಿಂತದ್ದು ಆ ಸಣ್ಣ ಭೇಟಿಗಳು. ಒಬ್ಬ ಅಜ್ಜಿ ಬಹಳ ದಿನದ ಮೇಲೆ ಮಗನ ಗಾಡಿಯಲ್ಲಿ ಬಂದರು. ಸ್ಕ್ರೂ ಬಿದ್ದ ಜಾಗಕ್ಕೆ ಪಿನ್ನು ಚುಚ್ಚಿಕೊಂಡಿದ್ದರು, ಅದರ ತುದಿ ಲೆನ್ಸನ್ನು ಗೀರಿತ್ತು. ಫ್ರೇಮ್ ಒಂದು ಕಡೆಗೆ ವಾಲಿತ್ತು. ಅವರದ್ದು ಪ್ರೋಗ್ರೆಸಿವ್ ಲೆನ್ಸು: ಮೇಲ್ಭಾಗ ದೂರಕ್ಕೆ, ಕೆಳಭಾಗ ಓದುವುದಕ್ಕೆ. ಫ್ರೇಮ್ ವಾಲಿದರೆ ಆ ಭಾಗಗಳು ಕಣ್ಣಿನ ನೇರದಿಂದ ಜಾರುತ್ತವೆ, ಮೆಟ್ಟಿಲು ಇರುವಲ್ಲಿ ಇದ್ದಂತೆ ಕಾಣುವುದಿಲ್ಲ. "ಅವತ್ತೇ ಬರಬಾರದಿತ್ತೇನಮ್ಮಾ?" ಎಂದೆ. "ಒಂದು ಸ್ಕ್ರೂಗೋಸ್ಕರ ಮಗನಿಗೆ ರಜ ಹಾಕು ಅನ್ನಕ್ಕಾಗತ್ತಾ?" ಎಂದರು. ಎರಡು ನಿಮಿಷದ ಕೆಲಸ ಹೊಸ ಲೆನ್ಸಿನ ಖರ್ಚಿಗೆ ಬಂದು ನಿಂತಿತ್ತು. ಆ ದಿನ ನನಗೆ ವ್ಯಾಪಾರವಾಯಿತು, ನಿಜ. ಅಂಥ ವ್ಯಾಪಾರ ಯಾರಿಗೆ ಬೇಕು?

ಅಂದಿನಿಂದ ಕೌಂಟರಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಬಂದವರನ್ನು ಎರಡೇ ಪ್ರಶ್ನೆ ಕೇಳುತ್ತೇನೆ: ಹೇಗೆ ಬಂದಿರಿ, ಬಸ್ಸಿದ್ದಿದ್ದರೆ ಇನ್ನೂ ಮೊದಲೇ ಬರುತ್ತಿದ್ದಿರಾ? ಹೆಸರು ಬರೆಯುವುದಿಲ್ಲ. ಔಷಧಿ ಅಂಗಡಿಯವರೂ ಶುರುಮಾಡಿದ್ದಾರೆ, ಅವರ ಪುಸ್ತಕ ನನ್ನದಕ್ಕಿಂತ ಬೇಗ ತುಂಬುತ್ತಿದೆ. ಗ್ರಂಥಾಲಯದಲ್ಲಿ ಹೇಗೂ ಸಹಿ ಪುಸ್ತಕವಿದೆ. ಬಸ್ಸು ನಿಲ್ಲುವ ಮೊದಲಿನ ಪುಟಗಳನ್ನೂ ನಂತರದ ಪುಟಗಳನ್ನೂ ಹೋಲಿಸಿ ಕೊಡುತ್ತೇನೆ ಎಂದಿದ್ದಾರೆ ಅಲ್ಲಿನ ಮೇಡಂ. ಕ್ಷೌರದವನು ಮಾತ್ರ ಬರೆಯಲು ಒಪ್ಪುತ್ತಿಲ್ಲ. ಕೈಯಲ್ಲಿ ಕತ್ತರಿ ಹಿಡಿದವನಿಗೆ ಪೆನ್ನು ಹಿಡಿಯಲು ಪುರುಸೊತ್ತೆಲ್ಲಿ, ಸಭೆಗೆ ಬಂದು ಬಾಯಲ್ಲೇ ಹೇಳುತ್ತೇನೆ ಎನ್ನುತ್ತಾನೆ. ಡ್ರೈವರ್ ಬಾಯಲ್ಲಿ ಹೇಳಿದಾಗ ಏನಾಯಿತು ಎಂದು ನೆನಪಿಸಿದ್ದೇನೆ. ವಾರ್ಷಿಕ ಸಭೆಗೆ ಇನ್ನೂ ಸಮಯವಿದೆ. ಈ ಸಲ ಅದನ್ನು ಹಗಲಲ್ಲೇ ಇಡಬೇಕೆಂದು ಅರ್ಜಿ ಕೊಟ್ಟಿದ್ದೇನೆ.