ಚಂದ್ರನಿಗೆ ರಜೆ

ಹೋದ ತಿಂಗಳು ನಮ್ಮ ಕನ್ನಡ ಮೇಷ್ಟ್ರು ತೀರಿಕೊಂಡರು. ಶಾಲೆಯ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಅಂತ ಫೋನ್ ಬಂತು. 'ನೀವು ಹೇಗೂ ಬರೆಯೋರು, ಅರ್ಧ ಗಂಟೆ ಸಾಕಲ್ವಾ?' ಅಂದರು. ಪ್ರೇಮಕಾದಂಬರಿ ಬರೆಯುವವರಿಗೆ ಎಲ್ಲವೂ ಅರ್ಧ ಗಂಟೆಯ ಕೆಲಸ ಅಂತ ಊರಿಗೆಲ್ಲ ನಂಬಿಕೆ. ಇದಕ್ಕೆ ನನಗೆ ಒಂಬತ್ತು ದಿನ ಹಿಡಿಯಿತು.

ಮಂಡ್ಯದ ಆ ಶಾಲೆಯಲ್ಲಿ ಮೂರು ವರ್ಷ ಏನು ಪಾಠ ಆಯಿತು ಅಂದರೆ ನನ್ನ ಹತ್ತಿರ ಉತ್ತರವಿಲ್ಲ. ನೆನಪಿರುವುದು ವಾಸನೆ. ಕಬ್ಬು ಅರೆಯುವ ಕಾಲದಲ್ಲಿ, 1933ರಿಂದ ಊರಿಗೆ ಹೆಸರು ತಂದ ಸಕ್ಕರೆ ಕಾರ್ಖಾನೆಯ ಕಡೆಯಿಂದ ಸಿಹಿಯೂ ಹುಳಿಯೂ ಬೆರೆತ ಗಾಳಿ ಕ್ಲಾಸಿನೊಳಕ್ಕೇ ಬರುತ್ತಿತ್ತು. ಗಾಡಿಯ ಹಿಂದಿನಿಂದ ಜಲ್ಲೆ ಎಳೆದುಕೊಂಡು ಬಂದ ಹುಡುಗರು ಕೊನೆ ಬೆಂಚಿನಲ್ಲಿ ಸಿಗಿದು ತಿನ್ನುತ್ತಿದ್ದರು. ಗಣಿತದ ಮೇಷ್ಟ್ರಿಗೆ ಆ ಸದ್ದು ಕೇಳಿಸುತ್ತಿರಲಿಲ್ಲ. ಕನ್ನಡ ಮೇಷ್ಟ್ರಿಗೆ ಕೇಳಿಸುತ್ತಿತ್ತು. 'ಯಾವೂರ ಗದ್ದೇದ್ಲಾ ಅದು, ಇಷ್ಟು ಗಟ್ಟಿಯಾಗೈತೆ?' ಅನ್ನುತ್ತಿದ್ದರು. ಅಷ್ಟೇ ಬೈಗುಳ.

ನನ್ನ ಬರವಣಿಗೆಯ ಮೊದಲ ಸಂಭಾವನೆಯೂ ಕಬ್ಬೇ. ಒಂಬತ್ತನೇ ಕ್ಲಾಸಿನಲ್ಲಿ ಹುಡುಗರಿಗೆ ಪ್ರೇಮಪತ್ರ ಬರೆದುಕೊಡುತ್ತಿದ್ದೆ. ಒಂದು ಪತ್ರಕ್ಕೆ ಒಂದು ಜಲ್ಲೆ. ಹೇಳಿಕೊಳ್ಳಬಾರದು, ಆದರೂ ಬೇಡಿಕೆ ಚೆನ್ನಾಗಿಯೇ ಇತ್ತು. ಒಬ್ಬ ಪುಣ್ಯಾತ್ಮ ನನ್ನ ಕಾಗದವನ್ನು ಪ್ರಬಂಧದ ನೋಟ್‌ಬುಕ್ಕಿನಲ್ಲಿಟ್ಟು ಮರೆತ. ಪುಸ್ತಕ ಮೇಷ್ಟ್ರ ಮೇಜಿಗೆ ಹೋಯಿತು. ಅವರಿಗೆ ಅಕ್ಷರ ಗುರುತು ಹಿಡಿಯಲು ಎಷ್ಟು ಹೊತ್ತು?

ಸ್ಟಾಫ್ ರೂಮಿಗೆ ಕರೆಸಿದರು. ಕೈ ನಡುಗುತ್ತಿತ್ತು. ಅವರು ಕೆಂಪು ಶಾಯಿಯಲ್ಲಿ ನಾಲ್ಕು ಕಡೆ ಸುತ್ತು ಹಾಕಿದ್ದರು. ನಾಲ್ಕೂ ಕಡೆ ಚಂದ್ರ.

'ಏನವ್ವಾ, ಚಂದ್ರನ್ನ ಯಾಕಿಂಗೆ ದುಡಿಸ್ತೀಯ? ಅವನಿಗೂ ಒಂದಿನ ರಜಾ ಕೊಡು. ಈ ಹುಡ್ಗಿ ಯಾವ ಬಸ್ಸಿಗೆ ಹೋಯ್ತಾಳೆ? ಬುತ್ತಿಗೆ ಏನು ತತ್ತಾಳೆ?'

'ಗೊತ್ತಿಲ್ಲ ಸಾರ್.'

'ಮತ್ತೆ ಪ್ರೀತಿ ಮಾಡ್ತೀನಿ ಅಂತ ಹೆಂಗೆ ಬರ್ದೆ?'

ಅಪ್ಪನಿಗೆ ಹೇಳಲಿಲ್ಲ. ಬೀರುವಿನಿಂದ ಒಂದು ಪುಸ್ತಕ ತೆಗೆದು ಕೊಟ್ಟರು. ನಮ್ಮ ಜಿಲ್ಲೆಯದೇ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ತಂದ 'ಮೈಸೂರ ಮಲ್ಲಿಗೆ'. 'ಇದ್ರಲ್ಲೊಂದು ಪದ್ಯ ಐತೆ, ಅಳಿಯ ಮಾವನ ಮನೆಗೆ ಬತ್ತಾನೆ, ಹೆಂಡ್ತಿ ಮೊಕಾನೇ ತೋರ್ಸಲ್ಲ. ಅಷ್ಟೇ ಕಥೆ. ಓದ್ಕೊಂಡು ಬಾ' ಅಂದರು. ತ್ರಿವೇಣಿ ಹುಟ್ಟಿದ್ದೂ ಮಂಡ್ಯದಲ್ಲೇ ಅಂತ ಮೊದಲು ಹೇಳಿದವರೂ ಅವರೇ. ಆ ತಾಯಿ 1963ರಲ್ಲಿ ತೀರಿಕೊಂಡಾಗ ಬರೀ 34 ವರ್ಷ, ಅಷ್ಟರೊಳಗೆ ಅಷ್ಟೊಂದು ಕಾದಂಬರಿ. ನಾನು 34ಕ್ಕೆ ಇನ್ನೂ ಲಕೋಟೆಗೆ ಸ್ಟಾಂಪು ಅಂಟಿಸಿ ಸಂಪಾದಕರಿಗೆ ಕಳಿಸುತ್ತಿದ್ದೆ. ಹೋದಷ್ಟೇ ಬೇಗ ವಾಪಸ್ ಬರುತ್ತಿತ್ತು.

ಈಗ 23 ಕಾದಂಬರಿ ಆಗಿವೆ. ಮೈಸೂರಿನ ರೈಲಿನಲ್ಲಿ ಎದುರಿಗೆ ಕೂತವರು 'ನೀವೇ ಅಲ್ವಾ?' ಅಂತ ಕೇಳುವುದುಂಟು. ಕೇಳದಿದ್ದ ದಿನ ಸ್ವಲ್ಪ ಬೇಜಾರಾಗುತ್ತದೆ. ಬರೆಯುವುದು ಬೆಳಗಿನ ಜಾವ ನಾಲ್ಕೂವರೆಗೆ, ಅಡುಗೆಮನೆಯ ನೆಲದ ಮೇಲೆ, ಮಣೆ ಹಾಕಿಕೊಂಡು. ಫ್ಯಾನ್ ತಿರುಗಿದರೆ ಒಂದಕ್ಷರ ಹುಟ್ಟುವುದಿಲ್ಲ. ಅಕ್ಕಿ ಆರಿಸುವಾಗ ನಾಯಕಿಯ ಮಾತನ್ನು ಗಟ್ಟಿಯಾಗಿ ಆಡಿ ನೋಡುತ್ತೇನೆ. ಹಾಲಿನವನು ಒಮ್ಮೆ 'ಬುಟ್ಟು ಹೋಗ್ಬೇಡಿ' ಅನ್ನುವುದನ್ನು ಕೇಳಿಸಿಕೊಂಡು ಗೇಟಿನಲ್ಲೇ ನಿಂತುಬಿಟ್ಟಿದ್ದ. ಕಥೆಗೆ ಮೊದಲು ಒಂದು ಪಟ್ಟಿ ಮಾಡುತ್ತೇನೆ: ಹುಡುಗ ಸೊಪ್ಪಿನ ಸಾರಿಗೆ ಮುದ್ದೆಯೋ ಅನ್ನವೋ, ಹುಡುಗಿಯ ಚಪ್ಪಲಿ ಎಲ್ಲಿ ಕಿತ್ತಿದೆ, ಊರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ. ಇದು ಸಿಗದೆ ಮೊದಲ ಸಾಲು ಬರೆಯುವುದಿಲ್ಲ. ಚಂದ್ರ ಒಂದು ಕಾದಂಬರಿಗೆ ಒಂದೇ ಸಲ.

ಶ್ರದ್ಧಾಂಜಲಿ ಸಭೆಗೆ ಅದೇ ಶಾಲೆಗೆ ಹೋದೆ. ಗೋಡೆಗೆ ದೊಡ್ಡ ಪರದೆ ಬಂದಿದೆ, ಮೂಲೆಗೊಂದು ಕ್ಯಾಮೆರಾ. ಪ್ರಬಂಧ ಬರೆಸುತ್ತೀರಾ ಅಂತ ಸುಮ್ನೆ ಕೇಳಿದೆ. 'ಸರಿ ಉತ್ತರಕ್ಕೆ ಗುರುತು ಹಾಕೋದೇ ಜಾಸ್ತಿ ಮೇಡಂ, ಟೈಮ್ ಎಲ್ಲಿದೆ?' ಅಂದರು ಹೊಸ ಟೀಚರ್. ಪಾಪ, ಅವರ ತಪ್ಪಲ್ಲ. ಆದರೆ ಈಗಿನ ಮಕ್ಕಳು ಕಳ್ಳ ಕಾಗದವನ್ನು ಯಾವ ಪುಸ್ತಕದಲ್ಲಿಟ್ಟು ಮರೆಯಬೇಕು?

ಊಟದ ಸಾಲಿನಲ್ಲಿ ಆ ಪುಣ್ಯಾತ್ಮನೇ ಸಿಕ್ಕಿದ. ತಲೆ ಪೂರ್ತಿ ಬೆಳ್ಳಗಾಗಿದೆ, ಎರಡು ಟ್ರ್ಯಾಕ್ಟರ್ ಇವೆಯಂತೆ. ಆ ಕಾಗದಕ್ಕೆ ಜಲ್ಲೆ ಕೊಡಲೇ ಇಲ್ಲವಲ್ಲೋ ಅಂದೆ. ತಲುಪಲೇ ಇಲ್ಲವಲ್ಲ, ಯಾಕೆ ಕೊಡಬೇಕು ಅಂತ ನಕ್ಕ. ಅವತ್ತು ಮೇಷ್ಟ್ರು ಕೇಳಿದ್ದನ್ನು ನಾನೂ ಕೇಳಿದೆ. ಅವಳು ಯಾವ ಬಸ್ಸಿಗೆ ಹೋಗುತ್ತಿದ್ದಳು?

ಎಲೆಯಿಂದ ತಲೆ ಎತ್ತದೆ ಹೇಳಿದ. 'ಐದೂಕಾಲರ ನಾಗಮಂಗಲದ ಬಸ್ಸು. ಬಸರಾಳಲ್ಲಿ ಇಳೀತಿದ್ಲು. ಬಲಗಡೆ ಕಿಟಕಿ. ಶನಿವಾರ ಮಾತ್ರ ಹನ್ನೆರಡೂವರೆದು.'